ತೂಕ ನಾಲ್ಕು ಗ್ರಾಂ, ಗತ್ತು ನಾಲ್ಕು ಮಣ

ಇಂದಿನ ನಮ್ಮ ಅತಿಥಿ ಮಂಗಳೂರಿನ ಬೆಂದೂರ್‌ವೆಲ್ ಕಡೆಯ ಮನೆಯೊಂದರ ಮೊಳೆಗೆ ನೇತುಬಿದ್ದಿರುವ ಕಿತ್ತಳೆ ಬಣ್ಣದ ಕೀ ಬಂಚ್. ಮೈಮೇಲೆ ‘ಸಂಪ್ರೀತಾ’ ಎಂಬ ಉಬ್ಬಕ್ಷರ. ಎಂಟನೇ ಕ್ಲಾಸಿನ ಹುಡುಗಿ ಶಾಲೆಯ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ, ತ್ರೀಡಿ ಪ್ರಿಂಟರಿನಿಂದ ಇಳಿಸಿಕೊಂಡ ಕೃತಿ. ಅಪ್ಪನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ‘ನಮ್ಮ ಮನೆಯ ಎಂಜಿನಿಯರ್’ ಎಂಬ ಒಕ್ಕಣೆಯೊಂದಿಗೆ ಇಡೀ ದಿನ ಮೆರೆದದ್ದರಿಂದ ಅತಿಥಿಗೆ ಸ್ವಲ್ಪ ಗತ್ತು ಬಂದಿದೆ. ಓದುಗರು ಸುಧಾರಿಸಿಕೊಳ್ಳಬೇಕು.

ಪ್ರಶ್ನೆ: ಮೊದಲು ತಮ್ಮ ಪರಿಚಯ?

ಕೀ ಬಂಚ್: ಉದ್ದ 60 ಮಿಲಿಮೀಟರ್, ಅಗಲ 20, ದಪ್ಪ 3. ತೂಕ ನಾಲ್ಕು ಗ್ರಾಂ ಆಸುಪಾಸು. ಕುಲ ಪಿಎಲ್‌ಎ, ಜೋಳದ ಪಿಷ್ಟದಿಂದ ಮಾಡುವ ಪ್ಲಾಸ್ಟಿಕ್. ಹೆಸರು ನನ್ನದಲ್ಲ, ಧಣಿಯದ್ದು.

ಪ್ರಶ್ನೆ: ಜನನ?

ಕೀ ಬಂಚ್: ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬ್. ನೀತಿ ಆಯೋಗದವರು 2016ರಲ್ಲಿ ಶುರುಮಾಡಿದ ಯೋಜನೆ. ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ. ಒಂದು ಲ್ಯಾಬಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ಉಂಟು. ಆ ಲ್ಯಾಬಿನ ಬೀಗದ ಕೈಯನ್ನು ಎಂತದರಲ್ಲಿ ಕಟ್ಟಿದ್ದಾರೆ ಗೊತ್ತುಂಟಾ? ಗೋಣಿ ಹಗ್ಗದಲ್ಲಿ. ಒಳಗೆ ನಮ್ಮಂಥವರು ಡಜನುಗಟ್ಟಲೆ ಹುಟ್ತಾ ಇದ್ದೇವೆ, ಒಬ್ಬನಿಗಾದರೂ ಆ ಕೆಲಸ ಕೊಡಬಾರದಾ ಮಾರಾಯ್ರೆ!

ಪ್ರಶ್ನೆ: ಡಿಸೈನ್ ಮಾಡುವುದು ಕಷ್ಟವಂತೆ?

ಕೀ ಬಂಚ್: ಟಿಂಕರ್‌ಕ್ಯಾಡ್‌ನಲ್ಲಿ ಎಂತ ಕಷ್ಟ? ಬ್ರೌಸರಿನಲ್ಲೇ ತೆರೆದುಕೊಳ್ತದೆ, ಒಂದು ಪೈಸೆ ಇಲ್ಲ. 2011ರಲ್ಲಿ ಕಾಯ್ ಬಾಕ್‌ಮನ್, ಮಿಕ್ಕೊ ಮೊನೊನೆನ್ ಎಂಬ ಇಬ್ಬರು ಬಿಡುಗಡೆ ಮಾಡಿದ್ದು. 2013ರಲ್ಲಿ ಅಂಗಡಿ ಮುಚ್ಚುವ ಮಾತು ಬಂದು, ಅದೇ ವರ್ಷ ಆಟೋಡೆಸ್ಕ್ ಕಂಪನಿ ಕೊಂಡುಕೊಂಡಿತು. ಬಲಬದಿಯಿಂದ ಒಂದು ಪೆಟ್ಟಿಗೆ ಎಳೆದು ನೀಲಿ ಚೌಕುಳಿಯ ಮೇಲೆ ಹಾಕಿ, ಮೂಲೆ ಹಿಡಿದು ಜಗ್ಗಿ, ತಟ್ಟೆ ಮಾಡಿ. ಅದರ ಮೇಲೆ ಅಕ್ಷರ. ಮೂಲೆಯಲ್ಲಿ ಬಳೆ ಹಾಕಲಿಕ್ಕೆ ಒಂದು ತೂತು. ತಲೆ ತಿರುಗುವುದು ಆ ತೂತಿನ ಹತ್ತಿರ ಮಾತ್ರ.

ಪ್ರಶ್ನೆ: ತೂತಿನಲ್ಲಿ ಏನಿದೆ?

ಕೀ ಬಂಚ್: ಅದೇ ವಿಷಯ. ಅಲ್ಲಿ ತೂತು ಕೊರೆಯಲಿಕ್ಕಿಲ್ಲ, ತೂತನ್ನು ತಂದು ಇಡ್ಲಿಕ್ಕೆ. ಒಂದು ಉರುಳೆ ತೆಗೊಂಡು ‘ಹೋಲ್’ ಅಂತ ಒತ್ತಿದರೆ ಅದು ಬೂದು ಗೆರೆಗೆರೆಯಾಗಿ ತಟ್ಟೆಯ ಮೇಲೆ ಕೂತುಕೊಳ್ತದೆ. ಆದರೆ ತಟ್ಟೆಗೆ ಇನ್ನೂ ಏನೂ ಆಗಿರುವುದಿಲ್ಲ. ಎರಡನ್ನೂ ಆರಿಸಿ ‘ಗ್ರೂಪ್’ ಕೊಟ್ಟ ಮೇಲೇ ಉರುಳೆ ಮಾಯ, ಅದು ಕೂತ ಜಾಗವೂ ಮಾಯ. ಧಣಿ ಮೊದಲ ದಿನ ಗ್ರೂಪ್ ಮಾಡಲಿಲ್ಲ, ನನ್ನ ಅಣ್ಣ ತೂತೇ ಇಲ್ಲದೆ ಹುಟ್ಟಿದ. ಈಗ ಅಜ್ಜಿ ಅವನನ್ನು ಅಲುಗಾಡುವ ಗ್ರೈಂಡರಿನ ಕಾಲಡಿಗೆ ಇಟ್ಟಿದ್ದಾರೆ. ಮೊದಲು ಗಟ್ಟಿ ಚಪ್ಪಡಿ, ಆಮೇಲೆ ಹೊಂಡ ಎಂಬ ಕ್ರಮ ನಮ್ಮ ಊರಿನ ಕಾಂಕ್ರೀಟ್ ರಸ್ತೆಗಳಿಗೆ ಮೊದಲಿಂದ ಗೊತ್ತುಂಟು ಬಿಡಿ.

ಪ್ರಶ್ನೆ: ಅಳತೆ ತಪ್ಪುವ ಭಯವಿಲ್ಲವೆ?

ಕೀ ಬಂಚ್: ಪ್ರಿಂಟಿಗೆ ಕಳಿಸುವ ಎಸ್‌ಟಿಎಲ್ ಕಡತದಲ್ಲಿ ಬರೀ ಅಂಕೆ ಇರ್ತದೆ, ಮಾನ ಇರುವುದಿಲ್ಲ. 60 ಅಂದರೆ 60, ಮಿಲಿಮೀಟರೋ ಇಂಚೋ ಅದಕ್ಕೆ ಗೊತ್ತಿಲ್ಲ. ಅರವತ್ತು ಇಂಚು ಅಂದರೆ ಐದಡಿ. ಧಣಿಯೂ ಐದಡಿ.

ಪ್ರಶ್ನೆ: ಕನ್ನಡದಲ್ಲಿ ಹೆಸರು ಬರೆಸಿಕೊಂಡಿದ್ದೀರಿ. ಅಭಿಮಾನವೆ?

ಕೀ ಬಂಚ್: ಅಭಿಮಾನ ಅಜ್ಜನದ್ದು, ಭಂಗ ನನ್ನದು. ಒತ್ತಕ್ಷರ ಜೋಡಿಸುವ ಬುದ್ಧಿ ಇಲ್ಲದ ತಂತ್ರಾಂಶಕ್ಕೆ ನಮ್ಮ ಹೆಸರು ಕೊಟ್ಟರೆ ‘ಸಂಪ್‌ರೀತಾ’ ಅಂತ ಬರ್ತದೆ, ಪಂಪ್‌ಸೆಟ್ ಕಂಪನಿಯ ಹಾಗೆ. ಅದಕ್ಕೆ ಧಣಿ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ಗೆರೆಯ ಚಿತ್ರವಾಗಿ ಬದಲಿಸಿ, ಎಸ್‌ವಿಜಿ ಕಡತ ಮಾಡಿ ಟಿಂಕರ್‌ಕ್ಯಾಡ್‌ಗೆ ತಂದಳು. ಒಂದು ತಮಾಷೆ ಕೇಳಿ. 1843ರ ಜುಲೈ 1ರಂದು ಇದೇ ಊರಲ್ಲಿ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ ಹೊರಡಿಸಿದಾಗ ಅದು ಕಲ್ಲಚ್ಚು. ಕೈಯಲ್ಲಿ ಬರೆದದ್ದೇ ಕಲ್ಲಿಗೆ ಇಳಿಯುತ್ತಿತ್ತು, ಒತ್ತು, ಸೊನ್ನೆ, ದೀರ್ಘ ಎಲ್ಲ ಸಲೀಸು. ಮರುವರ್ಷ ಅಚ್ಚುಮೊಳೆಗಾಗಿ ಪತ್ರಿಕೆ ಬಳ್ಳಾರಿಗೆ ಹೋಯಿತು. ನನ್ನ ಧಣಿಯೂ ಒತ್ತಕ್ಷರಕ್ಕಾಗಿ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ವಲಸೆ ಹೋದಳಲ್ಲ, ಬಸ್ ಚಾರ್ಜ್ ಮಾತ್ರ ಉಳಿಯಿತು.

ಪ್ರಶ್ನೆ: ಅಲ್ಲಿಗೆ ಸಮಸ್ಯೆ ಮುಗಿಯಿತು?

ಕೀ ಬಂಚ್: ಎಲ್ಲಿ ಮುಗಿಯುವುದು! ಪಕ್ಕದ ಬೆಂಚಿನ ಹುಡುಗನಿಗೆ ಹಿಂದೆ ತಟ್ಟೆ ಬೇಡ, ಬರೀ ಅಕ್ಷರಗಳದ್ದೇ ಕೀ ಬಂಚ್ ಬೇಕಂತೆ. ಇಂಗ್ಲಿಷ್ ಅಕ್ಷರಗಳನ್ನು ಒತ್ತೊತ್ತಿ ಕೂರಿಸಿದರೆ ಒಂದಕ್ಕೊಂದು ಅಂಟಿಕೊಂಡು ಬದುಕುತ್ತವೆ. ಧಣಿಯೂ ಆಸೆಪಟ್ಟಳು. ‘ಸಂ’ನ ಸೊನ್ನೆ ಒಂದು ಕಡೆ, ‘ಪ್ರೀ’ಯ ಕೆಳಗಿನ ರ-ಒತ್ತು ಇನ್ನೊಂದು ಕಡೆ, ದೀರ್ಘ ಮತ್ತೊಂದು ಕಡೆ ಬಿದ್ದವು. ಕೈಯಲ್ಲಿ ಉಳಿದದ್ದನ್ನು ಓದಿದರೆ ‘ಸಪಿತಾ’. ಸಹಪಾಠಿಗಳು ಎರಡು ವಾರ ಹಾಗೇ ಕರೆದರು. ಕನ್ನಡಕ್ಕೆ ಹಿಂದಿನಿಂದ ಒಂದು ಗಟ್ಟಿ ಆಧಾರ ಬೇಕೇ ಬೇಕು, ನನ್ನನ್ನು ಕೇಳಿ. ನಾನೇ ಆ ಆಧಾರ.

ಪ್ರಶ್ನೆ: ಮಂಗಳೂರಿನ ಹವೆ ಒಗ್ಗಿತೆ?

ಕೀ ಬಂಚ್: ಮಳೆಗಾಲದಲ್ಲಿ ಫಿಲಮೆಂಟ್, ಅಂದರೆ ಪ್ರಿಂಟರಿಗೆ ಉಣಿಸುವ ಪ್ಲಾಸ್ಟಿಕ್ ತಂತಿ, ತೇವ ಕುಡಿಯುತ್ತದೆ, ಬಿಸಿ ನಳಿಕೆಯಲ್ಲಿ ಪಟಪಟ ಅಂತದೆ, ಮೈಯೆಲ್ಲ ನೂಲು ನೂಲು. ಬೇಸಿಗೆಯಲ್ಲಿ ಇನ್ನೊಂದು ಕಥೆ. 60 ಡಿಗ್ರಿ ದಾಟಿದರೆ ನಾನು ಮೆತ್ತಗೆ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ನನ್ನ ತಂಗಿ ಹಪ್ಪಳದ ಹಾಗೆ ಬಾಗಿ ಹೋದಳು.

ಪ್ರಶ್ನೆ: ಆದರೂ ‘ನಾನು ಅನನ್ಯ, ನನ್ನಂಥದು ಇನ್ನೊಂದಿಲ್ಲ’ ಎನ್ನುತ್ತೀರಂತೆ?

ಕೀ ಬಂಚ್: ಹೆಸರು ನೋಡಿ! ಕ್ಲಾಸಿನಲ್ಲಿ ಬೇರೆ ಸಂಪ್ರೀತಾ ಇಲ್ಲ.

ಪ್ರಶ್ನೆ: ಹೆಸರು ಬಿಟ್ಟರೆ?

ಕೀ ಬಂಚ್: (ಸ್ವಲ್ಪ ಹೊತ್ತು ತೂಗಾಡಿ) ಎಲ್ಲರೂ 60, 20, 3. ಎಲ್ಲರಿಗೂ ಎಡಮೂಲೆಯಲ್ಲೇ ತೂತು. ಸರ್ ತೋರಿಸಿದ್ದು ಅದೊಂದೇ ಮಾದರಿ. ನಮ್ಮನ್ನೆಲ್ಲ ಸಾಲಾಗಿ ಇಟ್ಟರೆ ಹಾಜರಿ ಪುಸ್ತಕ.

ಪ್ರಶ್ನೆ: ಅಡುಗೆಮನೆಯ ಸ್ಟೀಲ್ ಚೆಂಬಿನ ಮೇಲೂ ಅಜ್ಜಿಯ ಹೆಸರಿದೆಯಲ್ಲ?

ಕೀ ಬಂಚ್: ಅದು ಪಾತ್ರೆ ಅಂಗಡಿಯಲ್ಲಿ ‘ಹೆಸರು ಎಂತಮ್ಮ’ ಅಂತ ಕೇಳಿ ಅರ್ಧ ನಿಮಿಷದಲ್ಲಿ ಗುಂಯ್ ಅಂತ ಕೊರೆದುಕೊಟ್ಟದ್ದು. ಅಳಿಸುವ ಗುಂಡಿ ಇಲ್ಲದೆ! ಹೆಸರು ಹಾಕಿಸಲಿಕ್ಕೆ ಕಾರಣವೂ ಉಂಟು: ಮದುವೆ ಮನೆಗೆ ಹೋದ ಚೆಂಬು ತಿರುಗಿ ಬರಬೇಕು. ಮೇಲೆ ಮಾಡಿನ ಹಂಚಿಗೂ ಹೆಸರುಂಟು. ಬಾಸೆಲ್ ಮಿಶನಿನವರು 1865ರಲ್ಲಿ ಜಪ್ಪುವಿನಲ್ಲಿ ಕಾರ್ಖಾನೆ ಹಾಕಿದಾಗಿನಿಂದ ಮಂಗಳೂರು ಹಂಚು ಹೆಸರು ಹೊತ್ತುಕೊಂಡೇ ಹೊರಗೆ ಬರುವುದು. ಅಚ್ಚಿನೊಳಗೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಕೆತ್ತಬೇಕು, ಆಗ ಹಂಚಿನ ಮೇಲೆ ನೆಟ್ಟಗೆ ಬರ್ತದೆ. ಟಿಂಕರ್‌ಕ್ಯಾಡ್‌ನಲ್ಲಿ ಅದಕ್ಕೆ ‘ಎಂ’ ಒತ್ತಿ ಒಂದು ಬಾಣ ಕ್ಲಿಕ್ ಮಾಡಿದರೆ ಸಾಕು. ಚೆಂಬಿನ ಮೇಲಿನ ಹೆಸರು ಇಟ್ಟುಕೊಂಡವಳದ್ದು. ಹಂಚಿನ ಮೇಲಿನದ್ದು ಮಾಡಿದವರದ್ದು. ನನ್ನ ಮೇಲಿನದ್ದು ಎರಡೂ ಹೌದು ಅಂತ ನಾನು ಜಂಭಪಡ್ತಿದ್ದೆ, ನೀವು ‘ಹೆಸರು ಬಿಟ್ಟರೆ’ ಅಂತ ಕೇಳುವವರೆಗೆ.

ಪ್ರಶ್ನೆ: ಬೇಸರವಾಯಿತೆ?

ಕೀ ಬಂಚ್: ಇಲ್ಲ ಬಿಡಿ. ಧಣಿ ಸ್ವಂತ ಬುದ್ಧಿಯಿಂದ ಮಾಡಿದ್ದೂ ಒಂದುಂಟು. ಅಣ್ಣನ ನಂತರದ ಸಲ ತೂತನ್ನು ಅಂಚಿಗೆ ತೀರಾ ಹತ್ತಿರ ಇಟ್ಟಳು, ಬಳೆ ಹಾಕುವಾಗಲೇ ಮೂಲೆ ಕಿತ್ತು ಬಂತು. ನನಗೆ ಅಲ್ಲಿ ಮೂರು ಮಿಲಿಮೀಟರ್ ಜಾಗ ಬಿಟ್ಟಿದ್ದಾಳೆ. ಸರ್ ಹೇಳಿಕೊಟ್ಟದ್ದಲ್ಲ ಅದು. ಸ್ಟೇಟಸ್ ಫೋಟೋದಲ್ಲಿ ಅಲ್ಲಿಗೇ ಅಪ್ಪನ ಹೆಬ್ಬೆರಳು ಅಡ್ಡ ಬಂದಿದೆ.

ಪ್ರಶ್ನೆ: ಮುಂದಿನ ಯೋಜನೆ?

ಕೀ ಬಂಚ್: ಅಜ್ಜನಿಗೆ ಗೇಟಿಗೆ ಮನೆಯ ಹೆಸರಿನ ಬೋರ್ಡ್ ಬೇಕಂತೆ, ತುಳು ಲಿಪಿಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿದ ಮೇಲೆ ಅವರನ್ನು ಹಿಡಿಯುವವರಿಲ್ಲ. ಬೋರ್ಡ್ ಒಂದೂವರೆ ಅಡಿ ಬೇಕು, ಪ್ರಿಂಟರಿನ ಹಾಸು ಇರುವುದು 220 ಮಿಲಿಮೀಟರ್. ಮೂರು ತುಂಡು ಮಾಡಿ ಅಂಟಿಸುವ ಅಂದಳು ಧಣಿ. ‘ಮನೆ ಪಾಲು ಮಾಡುವುದು ಬೋರ್ಡಿನಿಂದಲೇ ಶುರುವಾ?’ ಅಂತ ಅಜ್ಜ ಎದ್ದು ಹೋದರು.

ಪ್ರಶ್ನೆ: ಆಮೇಲೆ?

ಕೀ ಬಂಚ್: ಆಮೇಲೆಂತ, ಬೋರ್ಡನ್ನೇ 210 ಮಿಲಿಮೀಟರಿಗೆ ಇಳಿಸಿದರು. ಗೇಟಿನ ಹತ್ತಿರ ಬಂದು, ಕನ್ನಡಕ ಹಾಕಿ, ತುಳು ಲಿಪಿ ಕಲಿತು ಓದಬೇಕು. ಪೋಸ್ಟ್‌ಮ್ಯಾನಿಗೆ ಈಗಲೇ ಹೇಳಿಟ್ಟಿದ್ದಾರೆ.