ಥಾರಿನ ಮಾರ್ಕ್ಸ್ ಕಾರ್ಡು

ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ನಮ್ಮ ಹಿರೋಳ್ಳಿಯಲ್ಲಿ ಗಾಡಿಯ ತಾಕತ್ತು ಅಳೆಯುವ ಪದ್ಧತಿ ಮೊದಲಿನಿಂದಲೂ ಒಂದೇ: ಎಷ್ಟು ಮಂದಿ ಹಿಡಿಸುತ್ತಾರೆ? ಅಕ್ಕಲಕೋಟೆಗೆ ಹೊರಟ ಕ್ರೂಸರಿನ ಒಳಗೆ ಕುಳಿತವರು, ಟಾಪಿನ ಮೇಲೆ ಹತ್ತಿದವರು, ಹಿಂದೆ ಜೋತುಬಿದ್ದವರು, ಎಲ್ಲರನ್ನೂ ಕೂಡಿಸಿದರೆ ಕಮಾನಿನ ಗುಣ ತಾನೇ ಗೊತ್ತಾಗುತ್ತದೆ. ಹೀಗಿರುವಾಗ ಪುಣೆಯಲ್ಲಿ ನೌಕರಿ ಮಾಡುವ ನನ್ನ ಸೋದರಳಿಯ ಹೊಸ ಥಾರ್ ತಂದು ಮನೆಯ ಮುಂದೆ ನಿಲ್ಲಿಸಿ, "ಮಾಮಾ, ಇದಕ್ಕೊಂದು ಪರೀಕ್ಷಾ ಇಡೂಣು" ಅಂದ. ಪರೀಕ್ಷೆ ಎಂಬ ಶಬ್ದ ಕೇಳಿದರೆ ನನಗೆ ಮೈಯಲ್ಲಿ ಹುರುಪು ಬರುತ್ತದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಯಾರನ್ನಾದರೂ ಫೇಲು ಮಾಡಿ ಬಹಳ ದಿನವಾಗಿತ್ತು.

ಪರೀಕ್ಷೆಯ ಪದ್ಧತಿ ಅಮೆರಿಕದ ಜೀಪುಹುಚ್ಚರದು. 20 ಡಿಗ್ರಿಯ ಒಂದು ಏರು ಮಾಡಿ, ಮುಂದಿನ ಒಂದೇ ಗಾಲಿಯನ್ನು ಮೆಲ್ಲಗೆ ಅದರ ಮೇಲೆ ಹತ್ತಿಸುತ್ತ ಹೋಗಬೇಕು. ಉಳಿದ ಮೂರು ನೆಲದ ಮೇಲೆ. ಗಾಡಿ ಸೊಟ್ಟಗಾಗುತ್ತ ಆಗುತ್ತ, ಕಡೆಗೆ ಅದೇ ಮಗ್ಗುಲಿನ ಹಿಂದಿನ ಗಾಲಿ ನೆಲ ಬಿಡುತ್ತದೆ. ಅಲ್ಲಿಗೆ ನಿಲ್ಲಿಸಿ, ಮುಂದಿನ ಗಾಲಿ ಏರಿದ ದೂರವನ್ನು ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರದಿಂದ ಭಾಗಿಸಿ 1000ದಿಂದ ಗುಣಿಸಿದರೆ ಬಂದದ್ದೇ ಅಂಕ. ಥಾರಿನಲ್ಲಿ ಆ ಅಂತರ 2450 ಮಿ.ಮೀ. ಗಾಲಿ 1225 ಮಿ.ಮೀ. ಏರುವಷ್ಟರಲ್ಲಿ ಹಿಂದಿನದು ಎದ್ದುಬಿಟ್ಟರೆ 500. ಗಾಲಿ ಎದ್ದರೆ ಏನಾಯಿತು ಅಂತೀರಾ? ಸಾದಾ ಡಿಫರೆನ್ಷಿಯಲ್ ಇದ್ದ ಗಾಡಿಯಲ್ಲಿ ಗಾಳಿಯಲ್ಲಿರುವ ಗಾಲಿಯೇ ಗರಗರ ತಿರುಗುತ್ತದೆ, ನೆಲದ ಮೇಲಿದ್ದದ್ದು ಸುಮ್ಮನೆ ನಿಲ್ಲುತ್ತದೆ. ಕೆಲಸವಿಲ್ಲದವನಿಗೇ ಪೂರಾ ಪಗಾರ.

ಸೈನ್ಯದ ಗಾಡಿಗಳನ್ನು ಹೀಗೆ ಹಿಂಡಿ ಹಿಪ್ಪೆ ಮಾಡಿ ನೋಡಲು ಸೊಲ್ಲಾಪುರದ ಆಚೆ ಅಹಿಲ್ಯಾನಗರದಲ್ಲಿ (ಹಿಂದಿನ ಅಹಮದನಗರ) ಡಿ.ಆರ್.ಡಿ.ಒ.ದ ದೊಡ್ಡ ಸಂಸ್ಥೆಯೇ ಇದೆ. ನಮಗೆ ಇದ್ದದ್ದು ವೆಲ್ಡಿಂಗ್ ಅಂಗಡಿ. ಟ್ರಾಲಿ, ಕುಂಟಿ ಮಾಡುವ ಅದರ ಮಾಲಕ ನನ್ನ ಹಳೇ ವಿದ್ಯಾರ್ಥಿ. ತ್ರಿಕೋನಮಿತಿ ಶುರುವಾದ ವಾರವೇ ಶಾಲೆಗೆ ಬರುವುದು ಬಿಟ್ಟವನು. "20 ಡಿಗ್ರಿ" ಎಂದೊಡನೆ ಅವನ ಮುಖದಲ್ಲಿ ಆ ಹಳೆಯ ಕಳೆ ಕಾಣಿಸಿತು. "ಡಿಗ್ರಿ ಗಿಗ್ರಿ ಬ್ಯಾಡ್ರಿ ಸರ, ಫೂಟಿನ್ಯಾಗ ಹೇಳ್ರಿ." ಟ್ಯಾನ್ 20 ಅಂದರೆ 0.364, ಹತ್ತು ಅಡಿ ನೆಲಕ್ಕೆ ಮೂರು ಅಡಿ ಎಂಟು ಇಂಚು ಎತ್ತರ. ಇಷ್ಟು ಹೇಳಿದೆ. "ಇದನ್ನ ಅವತ್ತೇ ಹೇಳಿದ್ರ ನಾ ಸಾಲಿ ಬಿಡ್ತಿದ್ದಿಲ್ರಿ" ಅಂದ. ಅವತ್ತೂ ಇದನ್ನೇ ಹೇಳಿದ್ದೆ. ಚಾನಲ್ಲಿನ ಚೌಕಟ್ಟು ಕೂಡಿಸಿ, ಗಾಲಿ ಜಾರದಂತೆ ಮೇಲೆ ಚೆಕ್ಕರ್ ಪ್ಲೇಟು ಬಡಿದು ಕೊಟ್ಟ.

ತೊಗರಿ ರಾಶಿ ಮುಗಿದು ಕಣ ಖಾಲಿ ಇತ್ತು. ಪರೀಕ್ಷೆಗೆ ಸಮತಟ್ಟಾದ ನೆಲವೇ ಬೇಕು. ಕಣಕ್ಕಿಂತ ಸಮತಟ್ಟು ನಮ್ಮ ಸೀಮೆಯಲ್ಲಿ ಎಲ್ಲಿದೆ? ಥಾರ್ ಒಂದು ಕಾಲು ಎತ್ತಿ ನಿಂತಿತು. ರಸ್ತೆಯಲ್ಲಿ ಹೊರಟಿದ್ದ ಕ್ರೂಸರ್ ಗಕ್ಕನೆ ನಿಂತು, "ಕಾಯ್ ಝಾಲಂ?" ಎನ್ನುತ್ತ ಮಂದಿ ಇಳಿದು ಓಡಿ ಬಂದರು. ಆಕ್ಸಿಡೆಂಟಲ್ಲ, ಬೇಕಂತಲೇ ಮಾಡಿದ್ದು ಎಂದು ತಿಳಿಸುವಷ್ಟರಲ್ಲಿ ನಾಲ್ಕು ಜನ ಗಾಡಿಯನ್ನು ನೆಟ್ಟಗೆ ನಿಲ್ಲಿಸಲು ಹೆಗಲು ಕೊಟ್ಟಾಗಿತ್ತು. ಅಳಿಯ ಒಳಗಿನಿಂದ ಚೀರುತ್ತಿದ್ದ.

ಹಿಂದಿನ ಗಾಲಿ ಎದ್ದಿತೋ ಇಲ್ಲವೋ ಎಂಬುದೇ ದೊಡ್ಡ ತಕರಾರು. ಗಾಲಿಯ ಕೆಳಗೆ ಪೇಪರಿನ ಹಾಳೆ ಇಟ್ಟು, ಎಳೆದಾಗ ಅದು ಹರಿಯದೆ ಬಂದರೆ ಎದ್ದಂತೆ ಎಂದು ನಾನು ನಿಯಮ ಮಾಡಿದೆ. ಹಾಳೆ ಅರ್ಧ ಬಂತು, ಅರ್ಧ ಹರಿಯಿತು. ನೋಡಲು ಬಂದಿದ್ದ ನಮ್ಮ ಕಾಕಾ ಗಾಲಿ ಎದ್ದಿದೆ ಅಂದರು, ಅಳಿಯ ಎದ್ದಿಲ್ಲ ಅಂದ, ಕ್ರೂಸರಿನವರು ಎರಡು ಪಕ್ಷವಾದರು. ಕಡೆಗೆ ಹೊಸ ಹಾಳೆ ತಂದು ಅಳೆದು ಲೆಕ್ಕ ಹಾಕಿದೆ. 500 ಮುಟ್ಟಲಿಲ್ಲ.

"ಸಾವಿರಕ್ಕ ಐನೂರೂ ಇಲ್ಲ? ಸೆಕೆಂಡ್ ಕ್ಲಾಸೂ ಇಲ್ಲೇನೋ! ಅಷ್ಟು ಲಕ್ಷ ಡೊನೇಷನ್ ಕೊಟ್ಟೀದಿ," ಕಾಕಾ ಅಂದರು. ಕಂಪನಿಯಿಂದ ಬಂದ ಗಾಡಿಗಳೆಲ್ಲ ಬಹುತೇಕ ಇಷ್ಟೇ, ಬಂಡೆ ಹತ್ತಲೆಂದೇ ಕಟ್ಟಿದ ಗಾಡಿಗಳು ಮಾತ್ರ ಸಾವಿರ ದಾಟುತ್ತವೆ ಎಂದು ಅಳಿಯ ಸಮಜಾಯಿಷಿ ಹೇಳಿದ. ಸಾವಿರಕ್ಕೆ ಸಾವಿರದ ಮೇಲೆ ಅಂಕ ಕೊಡುವ ಮಾಸ್ತರ ಯಾರೆಂದು ಕಾಕಾ ನನ್ನ ಮುಖ ನೋಡಿದರು.

ಟ್ರ್ಯಾಕ್ಟರ್ ಬರಲಿ ಅಂದರು ಯಾರೋ. ಅದರಲ್ಲಿ ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಮುಂದಿನ ಅಚ್ಚು ನಡುವಿನ ಒಂದು ಪಿನ್ನಿನ ಮೇಲೆ ತೂಗುತ್ತದೆ, ಅಷ್ಟೇ. ಎಡಗಾಲಿ ಏರಿದರೆ ಬಲಗಾಲಿ ಇಳಿಯುತ್ತದೆ, ಅಚ್ಚು ಹೋಗಿ ತಡೆಗೆ ತಾಗುವತನಕ ನಾಲ್ಕೂ ನೆಲಕ್ಕೆ. ಆದರೆ ಟ್ರ್ಯಾಕ್ಟರ್ ಮಗ್ಗುಲಿಗೆ ಬಿದ್ದರೆ ಕೇಳುವವರಾರು? ಬೇಡವೆಂದೆ. ಅಷ್ಟರಲ್ಲಿ ಆಳಂದದಿಂದ ಬಂದ ಟಂಟಂ ಒಂದು ಕಣದೊಳಗೆ ನುಗ್ಗಿತು. ಡ್ರೈವರ್ ಹುಡುಗ ಯಾರನ್ನೂ ಕೇಳದೆ ಮುಂದಿನ ಗಾಲಿ ರ್‍ಯಾಂಪಿಗೆ ಹಚ್ಚಿಯೇ ಬಿಟ್ಟ. ಹಿಂದಿನಿಂದ ಇಬ್ಬರು ತಳ್ಳಿದರು. ಏರಿತು, ಏರಿತು, ಹಾಳೆ ಅಲುಗಲಿಲ್ಲ. ರ್‍ಯಾಂಪಿನ ಮೇಲೆ ತನ್ನ ಗಾಲಿಗಳ ಅಂತರದಷ್ಟು ಪೂರಾ ಏರಿ ನಿಂತಿತು. ಸಾವಿರಕ್ಕೆ ಸಾವಿರ.

ಕಣದಲ್ಲಿ ಸೀಟಿಯೋ ಸೀಟಿ. ಮೂರು ಬಿಂದು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ, ಮೂರು ಗಾಲಿಯ ಗಾಡಿಗೆ ಗಾಲಿ ಎತ್ತುವ ಪ್ರಶ್ನೆಯೇ ಬರುವುದಿಲ್ಲ, ತಕರಾರು ನಾಲ್ಕನೆಯ ಗಾಲಿಯದು ಎಂದು ನಾನು ವಿವರಿಸಿದೆ. ಯಾರೂ ಕೇಳಲಿಲ್ಲ, ಅದೇನು ಹೊಸದಲ್ಲ. "ತ್ರೀ ವ್ಹೀಲರ್ ಲೆಕ್ಕಕ್ಕ ಬರಲ್ಲ" ಎಂದು ಅಳಿಯ ಕೂಗುತ್ತಿದ್ದ. "ಸೋತವ್ರು ಎಲ್ಲಾರೂ ಹಿಂಗೇ ಅಂತಾರ," ಅಂದರು ಕಾಕಾ.

ನಿಜ ಹೇಳಬೇಕೆಂದರೆ ಈ ಅಂಕದಿಂದ ನಮಗೆ ಪ್ರಯೋಜನವೂ ಕಡಿಮೆ. ನಮ್ಮದು ಎರಿ ಭೂಮಿ. ಮಳೆಗಾಲದಲ್ಲಿ ಗಾಲಿ ನೆಲ ಬಿಡುತ್ತದೆಂಬ ಚಿಂತೆ ಇಲ್ಲಿ ಯಾರಿಗೂ ಇಲ್ಲ. ನೆಲವೇ ಗಾಲಿಯನ್ನು ಬಿಡುವುದಿಲ್ಲ.

ಅಳಿಯ ಮಾತ್ರ ಬಿಡುವವನಲ್ಲ. ಗಾಡಿ ತಿರುವಿನಲ್ಲಿ ವಾಲದಂತೆ ಎಡ-ಬಲ ಗಾಲಿಗಳ ನಡುವೆ ಒಂದು ಸಲಾಕೆ ಇರುತ್ತದೆ, ಸ್ವೇ ಬಾರ್. ಎರಡೂ ಗಾಲಿ ಕೂಡಿಯೇ ಏಳಬೇಕು, ಕೂಡಿಯೇ ಇಳಿಯಬೇಕು ಎಂದು ಹಟ ಹಿಡಿಯುವುದೇ ಅದರ ಉದ್ಯೋಗ. ರ್‍ಯಾಂಪಿನ ಮೇಲೆ ಅದೇ ಅಡ್ಡಿ. ಜೀಪ್ ರ್‍ಯಾಂಗ್ಲರ್ ರುಬಿಕಾನಿನಲ್ಲಿ ಗುಂಡಿ ಒತ್ತಿದರೆ ಮುಂದಿನ ಸಲಾಕೆ ಬಿಡುತ್ತದೆ. ನಮ್ಮವನು ಪಾನಾ ಹಿಡಿದು ಗಾಡಿಯ ಕೆಳಗೆ ಮಲಗಿದ. ಕೊಂಡಿ ಬಿಚ್ಚಿ ಮತ್ತೆ ಹತ್ತಿಸಿದಾಗ ಅಂಕ ಐನೂರು ದಾಟಿತು. ಸೆಕೆಂಡ್ ಕ್ಲಾಸ್! ಅದೇ ಖುಷಿಯಲ್ಲಿ, ಸಲಾಕೆ ಹಾಗೇ ಬಿಟ್ಟು, ಅವ್ವನನ್ನು ಕೂಡಿಸಿಕೊಂಡು ಆಳಂದಕ್ಕೆ ಸಂತೆಗೆ ಹೊರಟ.

ನನ್ನ ತಂಗಿ ವಾಪಸು ಬಂದವಳು ಕೆಳಗಿಳಿಯುತ್ತಲೇ ಬಾಗಿಲು ಹಿಡಿದು ನಿಂತಳು. ಚೀಲದ ಟೊಮೆಟೊ ಎಲ್ಲ ಸೀಟಿನ ಕೆಳಗೆ.

"ತಿರುವು ಬಂದಲ್ಲೆಲ್ಲಾ ಇಡೀ ಗಾಡಿ ನನ್ನ ಮ್ಯಾಲೇ ಬೀಳ್ಲಾಕತ್ತಿತ್ತು. ಆ ಸಲಾಕಿ ಮೊದಲ ಹಚ್ಚು."

"ಹಚ್ಚಿದ್ರ ಮಾರ್ಕ್ಸ್ ಕಡಿಮಿ ಆಗ್ತಾವ ಬೇ!"

"ಆಗ್ಲಿ. ನಿನಗ ಎಸ್ಸೆಸ್ಸೆಲ್ಸಿಯಾಗ ಎಷ್ಟು ಬಿದ್ದಿದ್ವು ಅಂತ ನಿಮ್ಮ ಮಾಮಾ ಇಲ್ಲೇ ನಿಂತಾರ, ಕೇಳ್ಲೇನು?"

ಅಳಿಯ ಪಾನಾ ತೆಗೆದುಕೊಂಡು ಮತ್ತೆ ಗಾಡಿಯ ಕೆಳಗೆ ಹೋದ.