ಒಗ್ಗರಣೆಗೆ ಬಂದ ಚಿಟ್ಟೆ

ಹಳ್ಳಿಯಲ್ಲಿ ಚಿಟ್ಟೆ ನೋಡುವ ಖಯಾಲಿ ಹತ್ತಿದವನಿಗೆ ಮರ್ಯಾದೆ ಕಡಿಮೆ. ಗಂಜಲ ಬಿದ್ದ ಒದ್ದೆ ಮಣ್ಣನ್ನು ಕುಕ್ಕರಗಾಲಲ್ಲಿ ಕೂತು ದಿಟ್ಟಿಸುತ್ತಿದ್ದರೆ, "ಏನು ಕಳ್ಕೊಂಡ್ರಿ ಮಾರಾಯ್ರೇ?" ಎಂದು ದಾರಿಹೋಕರೂ ಹುಡುಕಲು ಸೇರುತ್ತಾರೆ. ಗಂಡು ಚಿಟ್ಟೆಗಳು ಅಲ್ಲಿ ಉಪ್ಪಿನಂಶ ಹೀರುತ್ತವೆ ಎಂದರೆ ನಂಬುವವರಾರು? ಹೂವು ಬಿಟ್ಟು ಗಂಜಲಕ್ಕೆ ಮುತ್ತುವುದು ಅವರ ಪಾಲಿಗೆ ಚಿಟ್ಟೆಯ ಚಾರಿತ್ರ್ಯದ ಪ್ರಶ್ನೆ.

ಮನೆಯಲ್ಲಿ ಹೆಂಡತಿಯ ರಗಳೆ ಬೇರೆ. ನಿಂಬೆ ಚಿಟ್ಟೆ ಕರಿಬೇವಿನ ಗಿಡದಲ್ಲಿ ಮೊಟ್ಟೆಯಿಟ್ಟಿದೆ. ಮರಿಹುಳು ಮೊದಮೊದಲು ಥೇಟ್ ಹಕ್ಕಿ ಹಿಕ್ಕೆ. ಬೆಳೆದ ಮೇಲೆ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕವಲುಕೋಡು ಚಾಚಿ ಗಬ್ಬು ಬಿಡುತ್ತದೆ.

"ಸಾರಿಗೆ ಒಂದೆಸಳಿಲ್ಲ, ನಿಮ್ಮ ಹುಳಕ್ಕೆ ಇಡೀ ಗಿಡ!"

ಸರ್ಕಾರವೇ ಸದರ್ನ್ ಬರ್ಡ್‌ವಿಂಗನ್ನು ರಾಜ್ಯಚಿಟ್ಟೆ ಮಾಡಿದೆ ಕಣೇ, ಎಂದೆ.

"ಹಾಗಾದ್ರೆ ಅದನ್ನೇ ಕರೆಸಿ. ಅದರ ಹುಳ ಈಶ್ವರಿ ಬಳ್ಳಿ ತಿನ್ನುತ್ತೆ, ಒಗ್ಗರಣೆಗೆ ಬಾಯಿ ಹಾಕಲ್ಲ."

ನನ್ನ ಚಿಟ್ಟೆ ಪುಸ್ತಕ ಇವಳು ಯಾವಾಗ ಓದಿದಳೋ!