ಕುಂಬಳಕಾಯಿ ಸೂರ್ಯ, ಲಂಡನ್ನಿನ ನಿಂಬೆಹಣ್ಣು

ಶಾಲೆಯವರಿಗೆ ದಸರಾ ರಜ ಕೊಡುವುದಕ್ಕೆ ಮನಸ್ಸು ಬರುತ್ತದೆ, ಮಕ್ಕಳನ್ನು ಸುಮ್ಮನೆ ಬಿಡುವುದಕ್ಕೆ ಮಾತ್ರ ಬರುವುದಿಲ್ಲ. ಐದನೇ ಕ್ಲಾಸಿನ ನನ್ನ ಮೊಮ್ಮಗಳು ಈ ಸಲ ತಂದ ಚೀಟಿಯಲ್ಲಿ ‘ಸೌರಮಂಡಲದ ಮಾಡೆಲ್’ ಎಂದಿತ್ತು. ಅವಳ ಅಪ್ಪ ಅಮ್ಮ ಇಬ್ಬರಿಗೂ ಆಫೀಸು. ಹಾಗಾಗಿ ಸೃಷ್ಟಿಕಾರ್ಯ ರಿಟೈರಾಗಿ ಕೂತಿರುವ ನನ್ನ ಪಾಲಿಗೆ ಬಂತು.

ಸ್ಟೇಷನರಿ ಅಂಗಡಿಯಲ್ಲಿ ರೆಡಿಮೇಡ್ ಸೌರಮಂಡಲವೇ ಸಿಗುತ್ತದೆ. ಥರ್ಮಾಕೋಲ್ ಹಲಗೆಯ ಮೇಲೆ ಒಂದು ಹಳದಿ ಚೆಂಡು, ಪಕ್ಕದಲ್ಲಿ ರೇಷನ್ ಅಂಗಡಿಯ ಕ್ಯೂ ಹಾಗೆ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡ ಎಂಟು ಗೋಲಿ. ನೋಡಿದರೆ ಗುರು ಕೆಮ್ಮಿದರೆ ಶನಿಗೆ ನೆಗಡಿ ಹತ್ತಬೇಕು. ಇದಕ್ಕಿಂತ ನಮ್ಮ ಗುಡಿಯ ನವಗ್ರಹಗಳೇ ವಾಸಿ. ಅಲ್ಲಿ ಭೂಮಿಗೆ ಜಾಗವಿಲ್ಲ, ರಾಹು ಕೇತುಗಳಿಗಿದೆ, ಅದು ಬೇರೆ ಮಾತು. ಆದರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ತಮ್ಮದು ಎಷ್ಟು ದೂರದ ಸಂಬಂಧ ಎಂಬುದು ಅವಕ್ಕಾದರೂ ಗೊತ್ತಿದೆ.

ಅಳತೆ ಪ್ರಕಾರವೇ ಮಾಡಿ ತೋರಿಸುತ್ತೇನೆ ಎಂದು ಹಟಕ್ಕೆ ಬಿದ್ದೆ. ಆಯುಧಪೂಜೆಗೆ ತಂದ ಬೂದುಗುಂಬಳ ಜಗುಲಿಯಲ್ಲಿತ್ತು, ದುಂಡಗೆ. ಟೇಪು ಹಿಡಿದರೆ ಅಡ್ಡಳತೆ 28 ಸೆಂ.ಮೀ.

“ರೀ, ಅದು ಸ್ಕೂಟರಿಗೆ ಒಡೆಯೋಕೆ ತಂದಿರೋದು, ಮುಟ್ಟಬೇಡಿ” ಎಂದಳು ನನ್ನಾಕೆ.

“ನಾಳೆ ಒಡೆಯೋಣ. ಇವತ್ತೊಂದು ದಿನ ಸೂರ್ಯನಾಗಿರಲಿ.”

ಸೂರ್ಯನ ಅಡ್ಡಳತೆ ಹತ್ತಿರ ಹತ್ತಿರ 14 ಲಕ್ಷ ಕಿ.ಮೀ. ಅದನ್ನು ಕುಂಬಳಕಾಯಿಗೆ ಇಳಿಸಬೇಕಾದರೆ ಎಲ್ಲವನ್ನೂ 500 ಕೋಟಿ ಪಟ್ಟು ಕುಗ್ಗಿಸಬೇಕು. ಆಗ ಭೂಮಿ ಎರಡೂವರೆ ಮಿಲಿಮೀಟರ್. ಒಗ್ಗರಣೆ ಡಬ್ಬಿಯಲ್ಲಿ ಹುಡುಕಿ ಒಂದು ದಪ್ಪ ಸಾಸಿವೆ ಕಾಳನ್ನು ಮೊಮ್ಮಗಳ ಅಂಗೈಮೇಲಿಟ್ಟೆ. ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು, “ಇದರಲ್ಲಿ ನಮ್ಮನೆ ಎಲ್ಲಿದೆ ತಾತಾ?” ಎಂದಳು. ಆ ಸಾಸಿವೆಯ ಮೇಲೊಂದು ತರ್ಟಿ-ಫಾರ್ಟಿ ಸೈಟಿಗಾಗಿ ನಾನು ಹದಿನೈದು ವರ್ಷ ಕಂತು ಕಟ್ಟಿದ್ದೇನೆ. ಹೇಳುವುದಕ್ಕೆ ನಾಚಿಕೆಯಾಯಿತು.

ಶುಕ್ರನಿಗೂ ಸಾಸಿವೆಯೇ, ಗಾತ್ರದಲ್ಲಿ ಭೂಮಿಯ ಅವಳಿ. ಸ್ವಭಾವದಲ್ಲಿ ಅಲ್ಲ. ಅವನು ತನ್ನ ಸುತ್ತ ಒಮ್ಮೆ ತಿರುಗಲು 243 ದಿನ ತೆಗೆದುಕೊಳ್ಳುತ್ತಾನೆ, ಸೂರ್ಯನನ್ನು ಸುತ್ತಲು 225 ದಿನ ಸಾಕು. ಮಗ್ಗುಲು ಬದಲಿಸುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಅದೂ ಉಲ್ಟಾ ತಿರುಗಾಟ, ಅಲ್ಲಿ ಸೂರ್ಯ ಹುಟ್ಟುವುದೇ ಪಶ್ಚಿಮದಲ್ಲಿ. ಬುಧನಿಗೆ ಗಸಗಸೆ ಸಿಕ್ಕಿತು. ಮಂಗಳನಿಗೆ ರಾಗಿ ಕಾಳು, ಬಣ್ಣವೂ ಹೊಂದಿತು. ಗುರುವಿಗೆ ನೆಲ್ಲಿಕಾಯಿ, ಯುರೇನಸ್ ನೆಪ್ಚೂನ್‌ಗಳಿಗೆ ಎರಡು ಕಡಲೆಕಾಳು. ಶನಿಗೆ ಅಡಿಕೆ ಬೇಕಾಯಿತು. ಎದುರುಮನೆ ರಾಯರು ತಮ್ಮ ಸಂಚಿಯಿಂದ ಒಂದು ಇಡೀ ಗೋಟಡಿಕೆ ಕೊಟ್ಟು, ಅದರ ಹಿಂದೆಯೇ ತಾವೂ ಬಂದರು.

ಕುಂಬಳಕಾಯಿಯನ್ನು ಗೇಟಿನ ಕಂಬದ ಮೇಲಿಟ್ಟು ಮೆರವಣಿಗೆ ಹೊರಟೆವು. ಬುಧ ಹನ್ನೆರಡು ಮೀಟರಿನಲ್ಲೇ ಸಿಕ್ಕಿದ. ಶುಕ್ರ 22ಕ್ಕೆ. ಭೂಮಿ 30 ಮೀಟರ್ ದೂರದ ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ. ಸಾಸಿವೆಯಿಂದ ನಾಲ್ಕು ಬೆರಳು ಬಿಟ್ಟು ಒಂದು ಚೂರು ರವೆ, ಅದು ಚಂದ್ರ. ಇದುವರೆಗೆ ಮನುಷ್ಯ ಖುದ್ದಾಗಿ ಹೋಗಿ ಕಾಲೂರಿ ಬಂದಿರುವುದು ಆ ನಾಲ್ಕು ಬೆರಳಿನ ದೂರಕ್ಕೆ.

2023ರ ಸೆಪ್ಟೆಂಬರಿನಲ್ಲಿ ಸೂರ್ಯನನ್ನು ನೋಡಲು ಆದಿತ್ಯ-ಎಲ್1 ನೌಕೆ ಹಾರಿದಾಗ ರಾಯರು, “ಅಷ್ಟು ಹತ್ತಿರ ಹೋದರೆ ಸುಟ್ಟುಹೋಗಲ್ವೇನ್ರೀ?” ಎಂದು ಸಂಕಟಪಟ್ಟಿದ್ದರು. ಅವರಿಗೆ ಈಗ ತೋರಿಸಿದೆ. ಭೂಮಿಯಿಂದ 15 ಲಕ್ಷ ಕಿ.ಮೀ. ಅಂದರೆ ಸಾಸಿವೆಯಿಂದ ಸೂರ್ಯನ ಕಡೆಗೆ ಒಂದೇ ಒಂದು ಅಡಿ. ಕುಂಬಳಕಾಯಿ ಇನ್ನೂ ಬೀದಿಯ ಆ ತುದಿಯಲ್ಲಿದೆ. ಆ ಒಂದು ಅಡಿ ಮುಂದೆ ನಿಂತು ಸೂರ್ಯನ ಪ್ರಭಾವಲಯ ನೋಡುತ್ತಿರುವ ಉಪಕರಣ ನಮ್ಮ ಕೋರಮಂಗಲದ ಖಭೌತ ಸಂಸ್ಥೆಯವರದು, ಹೊಸಕೋಟೆಯಲ್ಲಿ ಜೋಡಿಸಿದ್ದು. ರಾಯರು ಅಡಿಯನ್ನೂ ಬೀದಿಯನ್ನೂ ಎರಡೆರಡು ಸಲ ನೋಡಿದರು. “ಪರವಾಗಿಲ್ಲ ಬಿಡಿ, ಹುಷಾರಾಗೇ ಇದ್ದಾರೆ” ಎಂದರು.

ಗುರುವನ್ನು ಇಡಲು 155 ಮೀಟರ್ ನಡೆದು ಪಕ್ಕದ ಕ್ರಾಸಿಗೆ ಹೋಗಬೇಕಾಯಿತು. ಅಲ್ಲಿಂದ ಶನಿ ಇನ್ನೂ ಹೆಚ್ಚುಕಡಿಮೆ ಅಷ್ಟೇ ದೂರ. 285 ಮೀಟರಿಗೆ ಇಸ್ತ್ರಿ ಗಾಡಿಯ ಚಕ್ರದ ಪಕ್ಕ ಅಡಿಕೆ ಇಟ್ಟಾಗ ರಾಯರು ಗಂಭೀರರಾದರು. ಅವರಿಗೀಗ ಸಾಡೇಸಾತಿ. ಲೆಕ್ಕದಲ್ಲಿ ನನ್ನ ತಕರಾರಿಲ್ಲ: ಶನಿಯ ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ, ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ, ಮೂರು ರಾಶಿಗೆ ಏಳೂವರೆ. ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು. ದೂರದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಕಾದು ಕಾದು ಈ ಹೆಸರಿಟ್ಟವರಿಗೆ ಒಂದು ದೊಡ್ಡ ನಮಸ್ಕಾರ. ಆದರೆ ಅಷ್ಟು ದೂರದ ಅಡಿಕೆಗೆ ಈ ಸಾಸಿವೆಯ ಮೇಲಿನ ರಾಯರ ಮಗನ ಪ್ರಮೋಷನ್ ಫೈಲು ಕಾಣುತ್ತದೆಯೇ?

“ಶನಿಯನ್ನ ಅಷ್ಟು ಭಾರ ಮಾಡ್ಕೋಬೇಡಿ ರಾಯರೇ. ಅವನು ನೀರಿಗಿಂತ ಹಗುರ. ಅಷ್ಟು ದೊಡ್ಡ ತೊಟ್ಟಿ ಸಿಕ್ಕಿದರೆ ತೇಲ್ತಾನೆ” ಎಂದೆ.

“ಅವನು ತೇಲ್ತಾನಯ್ಯಾ, ಮುಳುಗೋರು ನಾವು” ಎಂದರು. ಇದಕ್ಕೆ ಯಾವ ಖಗೋಳಶಾಸ್ತ್ರದಲ್ಲಿ ಉತ್ತರವಿದೆ?

ಯುರೇನಸ್ 575 ಮೀಟರಿಗೆ, ನೆಪ್ಚೂನ್ 900ಕ್ಕೆ. ಅಷ್ಟರಲ್ಲಿ ನನ್ನ ಮಂಡಿ ಮಾತಾಡತೊಡಗಿತ್ತು. ಎರಡು ಕಡಲೆಕಾಳನ್ನೂ ತರಕಾರಿಗೆ ಹೊರಟಿದ್ದ ನನ್ನಾಕೆಯ ಕೈಗೆ ಕೊಟ್ಟು ಕಳಿಸಿದೆ. ಗಾಂಧಿ ಬಜಾರಿನ ಯಾವುದೋ ಹೂವಿನ ಅಂಗಡಿ ಮುಂದೆ ನೆಪ್ಚೂನ್ ಇರಬೇಕು. ಪ್ಲೂಟೋ? ನಾನು ಓದುವಾಗ ಅದೂ ಗ್ರಹವಾಗಿತ್ತು, ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸೂ ಇತ್ತು. 1930ರಲ್ಲಿ ಕೆಲಸಕ್ಕೆ ಸೇರಿಸಿಕೊಂಡು 2006ರಲ್ಲಿ ಪ್ರಾಗ್‌ನಲ್ಲಿ ಮೀಟಿಂಗ್ ಮಾಡಿ ಹಿಂಬಡ್ತಿ ಕೊಟ್ಟರು. ಅದರ ಒಂದು ಸುತ್ತಿಗೆ 248 ವರ್ಷ. ಮೂರನೇ ಒಂದು ಪಾಲೂ ಮುಗಿದಿರಲಿಲ್ಲ. ಪ್ರೊಬೇಷನ್ ಮುಗಿಯುವವರೆಗಾದರೂ ಕಾಯಬಾರದಿತ್ತೆ?

ವಾಪಸು ಬಂದಾಗ ಸೂರ್ಯನ ತೊಟ್ಟಿನ ಹತ್ತಿರ ಒಂದು ಗೊದ್ದ ಓಡಾಡುತ್ತಿತ್ತು. ಬೆಳಕಿನ ವೇಗ ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಅದನ್ನು ನಮ್ಮ ಅಳತೆಗೆ ಇಳಿಸಿದರೆ ಸೆಕೆಂಡಿಗೆ ಆರು ಸೆಂ.ಮೀ., ಅಂದರೆ ಅವಸರದಲ್ಲಿರುವ ಗೊದ್ದದ ನಡಿಗೆ. ಇಡೀ ಬ್ರಹ್ಮಾಂಡದಲ್ಲಿ ಇದಕ್ಕಿಂತ ಜೋರಾಗಿ ಯಾವುದೂ ಓಡುವಂತಿಲ್ಲ. ಸೂರ್ಯನಿಂದ ಟ್ರಾನ್ಸ್‌ಫಾರ್ಮರಿಗೆ ಅದು ಎಂಟು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ತಲುಪಬೇಕು. ಮೊಮ್ಮಗಳು ಮೊಬೈಲಿನಲ್ಲಿ ಟೈಮ್ ಹಿಡಿದು ಅದರ ಹಿಂದೆಯೇ ಕುಕ್ಕರಗಾಲಲ್ಲಿ ಹೋದಳು. ಬುಧನವರೆಗೆ ನೆಟ್ಟಗೆ ಹೋದ ಬೆಳಕು ಯಾರೋ ಎಸೆದ ಬಾಳೆಹಣ್ಣಿನ ಸಿಪ್ಪೆ ಕಂಡು ಪಕ್ಕಕ್ಕೆ ತಿರುಗಿತು.

“ತಾತಾ, ಹಾಗಾದ್ರೆ ಯಾರಾದ್ರೂ ಕುಂಬಳಕಾಯಿ ಕದ್ಕೊಂಡು ಹೋದ್ರೆ ಇರುವೆ ಬಂದು ಹೇಳೋವರೆಗೂ ಭೂಮಿಗೆ ಗೊತ್ತೇ ಆಗಲ್ವಾ?”

ಗೊತ್ತಾಗುವುದಿಲ್ಲ. ಎಂಟು ನಿಮಿಷ ನಾವು ಇಲ್ಲದ ಸೂರ್ಯನಿಗೆ ಅರ್ಘ್ಯ ಕೊಡುತ್ತಿರುತ್ತೇವೆ.

1977ರಲ್ಲಿ ಹಾರಿದ ವಾಯೇಜರ್-1ರ ಕಥೆಯೂ ಇಷ್ಟೇ. ಮನುಷ್ಯ ಮಾಡಿದ ವಸ್ತುಗಳಲ್ಲಿ ಅದಕ್ಕಿಂತ ದೂರ ಹೋದದ್ದು ಇನ್ನೊಂದಿಲ್ಲ. ಸೆಕೆಂಡಿಗೆ 17 ಕಿ.ಮೀ. ಓಡುತ್ತಿದೆ. ನಮ್ಮ ಲೆಕ್ಕದಲ್ಲಿ ಬಸವನಗುಡಿಯಿಂದ ಹೊರಟದ್ದು ಈಗ ಮೆಜೆಸ್ಟಿಕ್ ಹತ್ತಿರ ಇದೆ. ಇದೊಂದನ್ನು ಮಾತ್ರ ಟ್ರಾಫಿಕ್ ತಲೆಗೆ ಕಟ್ಟುವಂತಿಲ್ಲ.

ಸೂರ್ಯನಾಚೆಗೆ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ, 4.24 ಜ್ಯೋತಿರ್ವರ್ಷ. ಗಾತ್ರದಲ್ಲಿ ಬಡಪಾಯಿ, ನಿಂಬೆಹಣ್ಣಿನಷ್ಟು. ದೂರ? ಸುಮಾರು ಎಂಟು ಸಾವಿರ ಕಿ.ಮೀ. ಬೆಂಗಳೂರಿಗೂ ಲಂಡನ್ನಿಗೂ ಇರುವಷ್ಟೇ. ಪುಣ್ಯಕ್ಕೆ ನನ್ನ ಕಿರಿಮಗ ಲಂಡನ್ನಿನಲ್ಲಿದ್ದಾನೆ. ಫೋನ್ ಮಾಡಿ, “ಕಿಟಕಿ ಮೇಲೊಂದು ನಿಂಬೆಹಣ್ಣು ಇಡಪ್ಪಾ” ಎಂದೆ. ಯಾರಿಗೆ ದೃಷ್ಟಿಯಾಗಿದೆ ಎಂದು ಕೇಳಿದ. ವಿಷಯ ಹೇಳಿದ ಮೇಲೆ ಇಟ್ಟು ಫೋಟೋ ಕಳಿಸಿದ. ಬಸವನಗುಡಿಯಲ್ಲೊಂದು ಕುಂಬಳಕಾಯಿ, ಲಂಡನ್ನಿನಲ್ಲೊಂದು ನಿಂಬೆಹಣ್ಣು, ನಡುವೆ ನಕ್ಷತ್ರ ಅನ್ನಿಸಿಕೊಳ್ಳುವಂಥದ್ದು ಒಂದೂ ಇಲ್ಲ.

ಮೊಮ್ಮಗಳಿಗೆ ಹುರುಪು ಬಂದು, ಆಕಾಶಗಂಗೆಯನ್ನೂ ಇದೇ ಅಳತೆಯಲ್ಲಿ ಮಾಡಿಬಿಡೋಣ ಎಂದಳು. ಒಂದು ಲಕ್ಷ ಜ್ಯೋತಿರ್ವರ್ಷದ ಅಗಲ. ಕುಗ್ಗಿಸಿದ ಮೇಲೂ 19 ಕೋಟಿ ಕಿ.ಮೀ. ನಿಜವಾದ ಸೂರ್ಯನೇ ಇರುವುದು 15 ಕೋಟಿ ಕಿ.ಮೀ.ಗೆ. ನಮ್ಮ ಮಾಡೆಲ್ಲು ಅಸಲಿ ಸೂರ್ಯನನ್ನೂ ದಾಟಿ ಹೋಗುತ್ತದೆ, ಶಾಲೆಯ ಬಾಗಿಲಲ್ಲಿ ಹಿಡಿಸುವುದಿಲ್ಲ ಎಂದು ಸಮಾಧಾನ ಮಾಡಿದೆ.

ಮಾರನೆಯ ದಿನ ಅರಿಶಿನ ಕುಂಕುಮ ತುಂಬಿಸಿಕೊಂಡ ಸೂರ್ಯ ಸ್ಕೂಟರಿನ ಮುಂದೆ ಹೋಳಾದ. ಗುರುವನ್ನು ಮೊಮ್ಮಗಳೇ ಉಪ್ಪು ಹಚ್ಚಿ ತಿಂದಳು. ಶನಿಯನ್ನು ರಾಯರು ವಾಪಸು ಒಯ್ದರು. ಸಂಜೆ ಲಂಡನ್ನಿನಿಂದ ಮೆಸೇಜು: ನಿಂಬೆಹಣ್ಣನ್ನು ಸೊಸೆ ಚಿತ್ರಾನ್ನಕ್ಕೆ ಹಿಂಡಿಬಿಟ್ಟಿದ್ದಾಳೆ.

ನಾನು ಪ್ರಾಜೆಕ್ಟ್ ಹಾಳೆಯಿಂದ ಪ್ರಾಕ್ಸಿಮಾ ಹೊಡೆದುಹಾಕಲು ಪೆನ್ನು ತೆಗೆದರೆ ಅವಳು ಕೈ ಅಡ್ಡ ಇಟ್ಟಳು.

“ಇರುವೆ ಇನ್ನೂ ಲಂಡನ್ ಬಿಟ್ಟಿದೆ ಅಷ್ಟೇ ತಾತಾ. ನಾನು ಒಂಬತ್ತನೇ ಕ್ಲಾಸಿಗೆ ಬರೋವರೆಗೂ ನಿಂಬೆಹಣ್ಣು ಕಿಟಕಿ ಮೇಲೇ ಇರತ್ತೆ.”